ಕಾಫಿ, ಕಟಿಂಗ್, ಕವಳ: ಮಿದುಳಿನ ಸೀಟಿನ ಲೆಕ್ಕ ತಿಳಿದು ಕಡಿಮೆ ಮಾಡುವ ಬಗೆ

ಆರು ವರ್ಷದ ಹಿಂದೆ ಒಂದು ಸೋಮವಾರ ನಾನು ಕಾಫಿ ಬಿಟ್ಟೆ. ಪೂರ್ತಿ ಬಿಟ್ಟೆ, ಒಂದೇ ಏಟಿಗೆ. ಮಂಗಳವಾರ ಬೆಳಿಗ್ಗೆ ಡೊಂಬಿವಲಿಯಲ್ಲಿ ಮುಂಬೈಯ ಫಾಸ್ಟ್ ಲೋಕಲ್ ರೈಲು ಹತ್ತಿದವನು ಠಾಣೆಯಲ್ಲೇ ಇಳಿದು ಬೆಂಚಿನ ಮೇಲೆ ಕೂತುಬಿಟ್ಟೆ, ಅಷ್ಟು ತಲೆನೋವು. ಸ್ಟೇಷನ್ ಹೊರಗೆ ಔಷಧಿ ಅಂಗಡಿಯಲ್ಲಿ ಒಂದು ಮಾತ್ರೆ ತಗೊಂಡೆ. ಮುಕ್ಕಾಲು ಗಂಟೆಯಲ್ಲಿ ನೋವು ಇಳಿಯಿತು. ಎಷ್ಟೋ ದಿನದ ಮೇಲೆ ಅದೇ ಮಾತ್ರೆಯ ಪಟ್ಟಿ ತಿರುಗಿಸಿ ಓದಿದಾಗ ಗೊತ್ತಾಯಿತು, ಅದರೊಳಗೆ ಕೆಫೀನ್ ಇತ್ತು. ಬೆಳಿಗ್ಗೆ ಲೋಟದಲ್ಲಿ ಬೇಡ ಅಂದಿದ್ದನ್ನೇ ನಾನು ಮಾತ್ರೆಯಲ್ಲಿ ನುಂಗಿದ್ದೆ.

ಉಪವಾಸದ ದಿನ ಕಾಫಿಯನ್ನೂ ಬಿಟ್ಟವರಿಗೆ ಮಧ್ಯಾಹ್ನ ತಲೆ ಸಿಡಿಯುತ್ತದಲ್ಲ, ಅದಕ್ಕೂ ಬಹಳ ಸಲ ಇದೇ ಕಾರಣ. ನಮ್ಮ ಆಯಿ ಹೊಟ್ಟೆ ಖಾಲಿ ಇದ್ದಿದ್ದಕ್ಕೆ ಅನ್ನುತ್ತಿದ್ದಳು, ನಾವೂ ನಂಬಿದ್ದೆವು.

ಕಾಫಿ, ಚಹಾ, ಕವಳ (ಎಲೆ ಅಡಿಕೆ), ತಂಬಾಕು ಬಿಡಲು ಆಗದವರಿಗೆ ನಾವು ಹೇಳುವುದು ಒಂದೇ ಮಾತು, ಮನಸ್ಸು ಗಟ್ಟಿ ಮಾಡು ಅಂತ. ಪಾಪ, ಅವರು ಮಾಡುತ್ತಾರೆ, ಎರಡು ದಿನ ತಡೆಯುತ್ತಾರೆ, ಮೂರನೇ ದಿನ ಸೋಲುತ್ತಾರೆ, ಆಮೇಲೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ಮಿದುಳಿನಲ್ಲಿ ಏನು ನಡೆಯುತ್ತಿದೆ ಅಂತ ಒಮ್ಮೆ ತಿಳಿದರೆ ಇಷ್ಟು ಒದ್ದಾಡಬೇಕಿಲ್ಲ. ಎಷ್ಟು ದಿನಕ್ಕೆ ಎಷ್ಟು ಇಳಿಸಬೇಕು ಅಂತ ಲೆಕ್ಕ ಹಾಕಬಹುದು. ನಾನು ಡಾಕ್ಟರ್ ಅಲ್ಲ. ನನಗೂ ದೊಡ್ಡಪ್ಪನಿಗೂ ಕೆಲಸಕ್ಕೆ ಬಂದ ಲೆಕ್ಕವನ್ನು ಓದಿದ್ದರ ಜೊತೆ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕೆಫೀನ್, ನಿಕೋಟಿನ್, ಅಡಿಕೆಯ ಅರೆಕೋಲಿನ್ ಮೂರೂ ಆಲ್ಕಲಾಯ್ಡ್‌ಗಳು. ಅಂದರೆ ಗಿಡಗಳು ತಯಾರಿಸುವ, ಸಾರಜನಕ ಇರುವ, ಹೆಚ್ಚಾಗಿ ಕಹಿಯಾದ ವಸ್ತುಗಳು. ಗಿಡ ಇವನ್ನು ಮಾಡುವುದು ನಮಗೋಸ್ಕರ ಅಲ್ಲ. ತಂಬಾಕಿನ ಗಿಡಕ್ಕೆ ನಿಕೋಟಿನ್ ಒಂದು ಕೀಟನಾಶಕ. ಅದೇ ಕಾಫಿ ಗಿಡ ಹೂವಿನ ಮಕರಂದದಲ್ಲೂ ಚೂರೇ ಚೂರು ಕೆಫೀನ್ ಇಡುತ್ತದೆ, ಅದನ್ನು ಹೀರಿದ ಜೇನುಹುಳು ಆ ಹೂವಿನ ವಾಸನೆಯನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ ಅಂತ 2013ರಲ್ಲಿ ವಿಜ್ಞಾನಿಗಳು ತೋರಿಸಿದರು. ಈ ಸಂಗತಿ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. ಹುಳಕ್ಕೂ ನಮಗೂ ನರಗಳ ಒಳಗಿನ ಏರ್ಪಾಡು ಅಷ್ಟು ಹತ್ತಿರ ಇರುವುದರಿಂದಲೇ ಗಿಡದ ವಸ್ತು ನಮ್ಮ ತಲೆಗೂ ಹತ್ತುತ್ತದೆ.

ಈಗ ಸೀಟಿನ ವಿಷಯ. ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ನರಕೋಶದ ಮೇಲೆ ಅದಕ್ಕೆಂದೇ ಇರುವ ಸೀಟುಗಳಿವೆ. ಅವೇ ರಿಸೆಪ್ಟರ್‌ಗಳು. ಅಡೆನೊಸಿನ್ ಕೂತಷ್ಟೂ ನಿದ್ದೆ ತೂಗುತ್ತದೆ. ಕೆಫೀನ್ ಆಕಾರದಲ್ಲಿ ಅಡೆನೊಸಿನ್‌ಗೆ ಸಾಕಷ್ಟು ಹೋಲುತ್ತದೆ, ಹಾಗಾಗಿ ಅದೇ ಸೀಟಿಗೆ ಬಂದು ಕೂರುತ್ತದೆ. ಆದರೆ ಕೂತು ಏನೂ ಮಾಡುವುದಿಲ್ಲ. ಲೋಕಲ್‌ನಲ್ಲಿ ಕರ್ಚೀಫ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಥೇಟ್ ಹಾಗೆ. ಸೀಟು ಭರ್ತಿ, ಕೂತವರು ಯಾರೂ ಇಲ್ಲ. ಅಡೆನೊಸಿನ್ ಎಲ್ಲ ಬಾಗಿಲ ಹತ್ತಿರ ನಿಂತಿರುತ್ತದೆ. ಅದಕ್ಕೇ ಕಾಫಿ ಕುಡಿದಾಗ ನಿಮಗೆ ಹೊಸ ಶಕ್ತಿಯೇನೂ ಬರುವುದಿಲ್ಲ, ಸುಸ್ತಿನ ಸುದ್ದಿ ತಲುಪುವುದು ತಡವಾಗುತ್ತದೆ ಅಷ್ಟೇ. ಕರ್ಚೀಫ್ ಎದ್ದ ತಕ್ಷಣ ನಿಂತಿದ್ದವರೆಲ್ಲ ದಬದಬ ಕೂರುತ್ತಾರೆ. ಸಂಜೆ ನಾಲ್ಕಕ್ಕೆ ಆಫೀಸಿನಲ್ಲಿ ಕಣ್ಣು ಎಳೆಯುವುದರಲ್ಲಿ ಇದರ ಪಾಲೂ ಇದೆ.

ದಿನಾ ಕುಡಿಯುವವರ ಕತೆ ಇನ್ನೂ ಒಂದು ಹೆಜ್ಜೆ ಮುಂದೆ. ಸೀಟು ಸಿಗುತ್ತಿಲ್ಲ ಅಂತ ಮಿದುಳು ಹೊಸ ಸೀಟುಗಳನ್ನು ಹಾಕಿಕೊಳ್ಳುತ್ತದೆ, ಹನ್ನೆರಡು ಡಬ್ಬಿಯ ಗಾಡಿಯನ್ನು ಹದಿನೈದು ಡಬ್ಬಿ ಮಾಡಿದ ಹಾಗೆ. ಈಗ ಮೊದಲಿನಷ್ಟೇ ಎಚ್ಚರ ಬೇಕಾದರೆ ಕರ್ಚೀಫೂ ಜಾಸ್ತಿ ಬೇಕು. ಆ ಹೊತ್ತಿನಲ್ಲಿ ಕಾಫಿಯನ್ನು ಒಮ್ಮೆಲೇ ನಿಲ್ಲಿಸಿದರೆ ಹದಿನೈದು ಡಬ್ಬಿಯೂ ಅಡೆನೊಸಿನ್‌ನಿಂದ ತುಂಬುತ್ತದೆ. ಅಡೆನೊಸಿನ್ ಮಿದುಳಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ತಲೆನೋವು ಅಲ್ಲಿಂದ. ಕೊನೆಯ ಕಾಫಿಯಾದ 12ರಿಂದ 24 ಗಂಟೆಯಲ್ಲಿ ಶುರುವಾಗಿ, ಒಂದೆರಡು ದಿನ ಜೋರಾಗಿದ್ದು, 2ರಿಂದ 9 ದಿನದಲ್ಲಿ ಮುಗಿಯುತ್ತದೆ. ಹೆಚ್ಚಾದ ಸೀಟುಗಳನ್ನು ಮಿದುಳೇ ಬಿಚ್ಚಿ ಹಾಕುತ್ತದೆ, ಅದಕ್ಕೆ ಸಮಯ ಕೊಡಬೇಕು. ನಾವು ಮಾಡಬೇಕಾದ್ದೆಲ್ಲ ಆ ವೇಗಕ್ಕೆ ಹೊಂದಿಕೊಳ್ಳುವುದು.

ಮೊದಲು ಮೂರು ದಿನ ಏನೂ ಬದಲಿಸಬೇಡಿ. ಕುಡಿದಿದ್ದನ್ನೆಲ್ಲ ಗಂಟೆ ಸಮೇತ ಮೊಬೈಲಿನಲ್ಲಿ ಬರೆಯಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರಲ್ಲಿ ಹೊರಡಿಸಿದ ಆಹಾರ ಸೂಚನೆಯಲ್ಲಿ ಲೆಕ್ಕ ಇದೆ: 150 ಮಿಲಿ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65. ದಿನಕ್ಕೆ 300 ದಾಟಬಾರದು ಅಂತ ಸಲಹೆ. ಕಟಿಂಗ್ ಅಂದರೆ ಅರ್ಧ ಲೋಟ ಚಹಾ, ಆದರೆ ಟಪರಿಯಲ್ಲಿ (ರಸ್ತೆಬದಿಯ ಚಹಾ ಅಂಗಡಿ) ಗಂಟೆಗಟ್ಟಲೆ ಕುದಿಸುವುದರಿಂದ ನಾನು 30 ಅಂತಲೇ ಹಿಡಿಯುತ್ತೇನೆ. ನನ್ನ ಆಗಿನ ಲೆಕ್ಕ ಹೀಗಿತ್ತು: ಮನೆಯಲ್ಲಿ ಎರಡು ಫಿಲ್ಟರ್ ಕಾಫಿ 200, ಆಫೀಸ್ ಮಶೀನಿನ ಎರಡು ಕಪ್ 120, ಕಟಿಂಗ್ ಮೂರು 90. ಒಟ್ಟು 410. ಮೂರು ಕಟಿಂಗ್‌ಗಳನ್ನು ನಾನು ಕುಡಿದ ಲೆಕ್ಕಕ್ಕೇ ಹಿಡಿದಿರಲಿಲ್ಲ, ಯಾರೋ ಜೊತೆಗೆ ಕರೆದರು, ಹೋದೆ, ಅಷ್ಟೇ. ನೀವೂ ಬರೆದು ನೋಡಿ, ಎಣಿಕೆಗೆ ಸಿಗದೇ ಇದ್ದಿದ್ದು ಅಲ್ಲೇ ಇರುತ್ತದೆ. ತಂಪು ಪಾನೀಯ, ಎನರ್ಜಿ ಡ್ರಿಂಕ್, ತಲೆನೋವಿನ ಮಾತ್ರೆಯನ್ನೂ ಸೇರಿಸಿ. ಎನರ್ಜಿ ಡ್ರಿಂಕಿನಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಇರಬಹುದು, ಅಂದರೆ 250 ಮಿಲಿ ಡಬ್ಬಿಗೆ 75.

ಆಮೇಲೆ ವಾರಕ್ಕೆ ಕಾಲು ಭಾಗ ಇಳಿಸಿ. 400 ಇದ್ದರೆ 300, ಮುಂದಿನ ವಾರ 225, ಆಮೇಲೆ 170 ಹೀಗೆ. ಇದಕ್ಕೆ ನನಗೆ ಸಿಕ್ಕ ಅತಿ ಸುಲಭದ ದಾರಿ ಚಿಕೋರಿ. ಮಾಟುಂಗಾದ ಕಾಫಿಪುಡಿ ಅಂಗಡಿಗಳಲ್ಲಿ ನೀವು ಕೇಳಿದ ಅಳತೆಗೆ ಬೆರೆಸಿ ಕೊಡುತ್ತಾರೆ. ಚಿಕೋರಿ ಒಂದು ಬೇರು, ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. 80ಕ್ಕೆ 20 ತರುತ್ತಿದ್ದವರು 60ಕ್ಕೆ 40 ತಂದರೆ, ಅದೇ ಲೋಟ, ಅದೇ ಬಿಸಿ, ಅದೇ ನೊರೆ, ಕೆಫೀನ್ ಮಾತ್ರ ಸರಿಯಾಗಿ ಕಾಲು ಭಾಗ ಕಡಿಮೆ. ಮನೆಯಲ್ಲಿ ಯಾರಿಗೂ ಹೇಳುವುದೂ ಬೇಡ. ಬಣ್ಣ ಕಪ್ಪಾಗಿ ದಟ್ಟವಾಗಿ ಬರುವುದರಿಂದ ಸ್ಟ್ರಾಂಗ್ ಇದೆ ಅಂತಲೇ ಹೇಳುತ್ತಾರೆ. ಸಂಜೆಯ ಕಾಫಿಯ ಜಾಗಕ್ಕೆ ನಾನು ಊರಿನಿಂದ ಕಷಾಯದ ಪುಡಿ ತರಿಸಿದೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಮೇಲೆ ಬೆಲ್ಲ ಹಾಲು. ಕೈಗೆ ಬಿಸಿ ಲೋಟ ಸಿಕ್ಕರೆ ಅರ್ಧ ಚಟ ತಣಿಯುತ್ತದೆ, ಇದು ನಿಜ.

ತಲೆನೋವು ಬಂದರೆ ಆ ವಾರ ಇಳಿಸುವುದನ್ನು ನಿಲ್ಲಿಸಿ, ಇದ್ದಲ್ಲೇ ಇರಿ. ಹಿಂದೆ ಮಾತ್ರ ಹೋಗಬೇಡಿ. ಮಾತ್ರೆ ಬೇಕೇ ಬೇಕಾದರೆ ಪಟ್ಟಿಯ ಹಿಂದೆ ಓದಿ, ಕೆಫೀನ್ ಇಲ್ಲದ್ದನ್ನು ಕೇಳಿ ತಗೊಳ್ಳಿ.

ಪ್ರಮಾಣ ಇಳಿಸುವ ಮನಸ್ಸಿಲ್ಲದವರು ಕಡೇಪಕ್ಷ ಹೊತ್ತನ್ನು ಬದಲಿಸಿ. ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ 100 ಮಿಲಿಗ್ರಾಂ ರಾತ್ರಿ ಹನ್ನೊಂದಕ್ಕೆ 50 ಇರುತ್ತದೆ, ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ 25. ಮಲಗುವ 6 ಗಂಟೆ ಮೊದಲು 400 ಮಿಲಿಗ್ರಾಂ ತಗೊಂಡವರ ನಿದ್ದೆ ಒಂದು ಗಂಟೆಗೂ ಜಾಸ್ತಿ ಕಡಿಮೆಯಾಗಿದ್ದನ್ನು 2013ರ ಒಂದು ಅಧ್ಯಯನ ತೋರಿಸಿತ್ತು. ನನಗೇನೂ ಆಗಲ್ಲ, ಕಾಫಿ ಕುಡಿದು ಹಾಯಾಗಿ ಮಲಗುತ್ತೇನೆ ಅನ್ನುವವರ ನಿದ್ದೆಯೂ ಒಳಗೊಳಗೆ ತೆಳುವಾಗಿರುತ್ತದೆ. ಹನ್ನೊಂದಕ್ಕೆ ಮಲಗುವವರು ಮಧ್ಯಾಹ್ನ ಎರಡರ ಮೇಲೆ ಮುಟ್ಟದಿದ್ದರೆ ಒಳ್ಳೆಯದು. ಊಟದ ಹಿಂದೆ ಮುಂದೆ ಒಂದೊಂದು ಗಂಟೆಯೂ ಬೇಡ, ಕಾಫಿ ಚಹಾದ ಟ್ಯಾನಿನ್ ಊಟದಲ್ಲಿನ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಸುರಿಯರಲ್ಲಿ ಕೆಫೀನ್ ತುಂಬಾ ನಿಧಾನ ಇಳಿಯುತ್ತದೆ. ಅವರು 200 ಮಿಲಿಗ್ರಾಂ ಒಳಗೆ ಇರಬೇಕು.

ಇಲ್ಲಿಯವರೆಗೆ ಸುಲಭದ ಮಾತು. ಕವಳದ ವಿಷಯ ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ.

ನಮ್ಮದು ಶಿರಸಿ ಕಡೆಯ ಅಡಿಕೆ ತೋಟದ ಮನೆ. ನಾನು ಓದಿದ್ದು ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದ ದುಡ್ಡಿನಲ್ಲಿ. ಮನೆಗೆ ಯಾರೇ ಬಂದರೂ ಆಸರಿ, ಅಂದರೆ ಕುಡಿಯಲು ಏನು ಬೇಕು ಅಂತ ಕೇಳಿ ಆದಮೇಲೆ ಕವಳದ ತಟ್ಟೆ ಮುಂದಿಡುವುದು ಮರ್ಯಾದೆ. ನನ್ನ ದೊಡ್ಡಪ್ಪ ನಲವತ್ತು ವರ್ಷದ ಹಿಂದೆ ಮುಂಬೈಗೆ ಬರುವಾಗ ಕವಳದ ಸಂಚಿಯನ್ನೂ ಜೊತೆಗೇ ತಂದವರು, ದಿನಕ್ಕೆ ಹತ್ತು ಹನ್ನೆರಡು ಸಲ ಹಾಕುತ್ತಿದ್ದರು, ಹೊಗೆಸೊಪ್ಪು ಸೇರಿಸಿ. ಹಾಗಿದ್ದೂ ಬರೆಯಲೇಬೇಕು. ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಮೊದಲನೇ ಗುಂಪಿಗೆ ಸೇರಿಸಿದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದ ವಸ್ತುಗಳ ಗುಂಪು ಅದು. ತೋಟದ ಮನೆಯವನಾಗಿ ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಕವಳ ಯಾಕೆ ಇಷ್ಟು ಬಿಗಿಯಾಗಿ ಹಿಡಿಯುತ್ತದೆ ಅಂದರೆ ಅದು ಎರಡು ಬಗೆಯ ಸೀಟುಗಳ ಮೇಲೆ ಒಟ್ಟಿಗೆ ಕೂರುತ್ತದೆ. ಅಸಿಟೈಲ್‌ಕೋಲಿನ್ ಅನ್ನುವ ಸಂದೇಶವಾಹಕಕ್ಕೆ ನಮ್ಮ ಮೈಯಲ್ಲಿ ಎರಡು ಜಾತಿ ರಿಸೆಪ್ಟರ್‌ಗಳಿವೆ. ಒಂದಕ್ಕೆ ತಂಬಾಕಿನ ನಿಕೋಟಿನ್‌ನಿಂದ ನಿಕೋಟಿನಿಕ್ ಅಂತ ಹೆಸರು, ಇನ್ನೊಂದಕ್ಕೆ ಅಣಬೆಯ ಮಸ್ಕರಿನ್‌ನಿಂದ ಮಸ್ಕರಿನಿಕ್ ಅಂತ ಹೆಸರು. ರಿಸೆಪ್ಟರ್ ಅನ್ನುವ ಕಲ್ಪನೆ ಮೂಡಿದ್ದರಲ್ಲೂ ನಿಕೋಟಿನ್ ಪಾಲು ದೊಡ್ಡದು. 1905ರಲ್ಲಿ ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ ಸ್ನಾಯುವಿನ ಮೇಲೆ ನಿಕೋಟಿನ್ ಹಾಕಿ ನೋಡಿ, ಇದನ್ನು ಹಿಡಿಯುವ ವಸ್ತು ಜೀವಕೋಶದಲ್ಲೇ ಇರಬೇಕು ಅಂದರು. ಅರೆಕೋಲಿನ್ ಮುಖ್ಯವಾಗಿ ಮಸ್ಕರಿನಿಕ್ ಸೀಟಿಗೆ ಕೂರುತ್ತದೆ. ಇದು ಕರ್ಚೀಫ್ ಅಲ್ಲ, ಬಂದು ಕೂತು ಕೆಲಸವನ್ನೇ ಶುರು ಮಾಡುವ ಪ್ರಯಾಣಿಕ. ಬಾಯಲ್ಲಿ ನೀರೂರುವುದು, ಮೈ ಬೆಚ್ಚಗಾಗುವುದು, ಬೆವರುವುದು, ಹಸಿ ಅಡಿಕೆ ತಿಂದಾಗ ಸೊಕ್ಕುವುದು, ಎಲ್ಲದರ ಹಿಂದೆ ಇದೇ. ಅದು ಸ್ವಲ್ಪ ಮಟ್ಟಿಗೆ ನಿಕೋಟಿನ್ ಕೂರುವ ಸೀಟಿಗೂ ಕೈ ಹಾಕುತ್ತದೆ ಅಂತ 2015ರಲ್ಲಿ ಗೊತ್ತಾಯಿತು. ತಂಬಾಕೇ ಹಾಕದವರಿಗೂ ಅಡಿಕೆ ಬಿಡುವುದು ಯಾಕೆ ಕಷ್ಟ ಅನ್ನುವುದಕ್ಕೆ ಇದು ಒಂದು ಉತ್ತರ.

ಸುಣ್ಣ ಸುಮ್ನೆ ರುಚಿಗೆ ಅಲ್ಲ. ಆಲ್ಕಲಾಯ್ಡ್‌ಗಳು ಸುಣ್ಣದ ಜೊತೆ ಸೇರಿದಾಗ ಬಾಯಿಯ ಚರ್ಮವನ್ನು ಬೇಗ ದಾಟಿ ರಕ್ತಕ್ಕೆ ಹೋಗುತ್ತವೆ. ಅಂಗೈಯಲ್ಲಿ ಖೈನಿಗೆ ಸುಣ್ಣ ಹಾಕಿ ತಿಕ್ಕುವುದೂ ಅದಕ್ಕೇ. ವೀಳ್ಯದೆಲೆಯಲ್ಲಿ ಈ ಆಲ್ಕಲಾಯ್ಡ್‌ಗಳಿಲ್ಲ. ಬಿಡುವಾಗ ಹಿಡಿದುಕೊಳ್ಳಲು ಎಲೆ ಉಳಿಯುತ್ತದೆ ಅನ್ನುವುದೇ ದೊಡ್ಡ ಸಮಾಧಾನ.

ದೊಡ್ಡಪ್ಪನ ಜೊತೆ ನಾವು ಮೊದಲು ತೆಗೆದಿದ್ದು ಹೊಗೆಸೊಪ್ಪು. ಎರಡನ್ನೂ ಒಟ್ಟಿಗೆ ತೆಗೆಯಲು ಹೋದಾಗ ಅವರಿಗೆ ಸಿಟ್ಟು, ನಿದ್ದೆ ಇಲ್ಲ, ಊಟದ ಮೇಲೆ ಕೈ ನಡುಗಿ ಸಂಚಿ ಹುಡುಕುತ್ತಿತ್ತು. ನಿಕೋಟಿನ್ ಬಿಟ್ಟಾಗ ಎರಡನೇ ಮೂರನೇ ದಿನ ಅತಿ ಕಷ್ಟ, ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತದೆ. ತಂಬಾಕಿನವರ ಮಿದುಳಿನಲ್ಲಿ ಹೆಚ್ಚಾದ ನಿಕೋಟಿನಿಕ್ ಸೀಟುಗಳು ಮೊದಲಿನಂತಾಗಲು 6ರಿಂದ 12 ವಾರ ಹಿಡಿಯುತ್ತದೆ. ಅದಕ್ಕೇ ಒಂದು ತಿಂಗಳಾಯಿತು, ಇನ್ನೂ ಬೇಕು ಅನಿಸುತ್ತದೆ ಅಂತ ಗಾಬರಿಯಾಗಬೇಡಿ, ಮೂರು ತಿಂಗಳು ಅಂತಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಬೇಕು ಅನ್ನುವ ಒಂದೊಂದು ಅಲೆಯೂ ಕೆಲವು ನಿಮಿಷಗಳದ್ದು. ಆ ಹೊತ್ತಿಗೆ ಎಲೆಗೆ ಲವಂಗ, ಏಲಕ್ಕಿ, ಸೋಂಪು, ಒಣ ಕೊಬ್ಬರಿಯ ಚೂರು ಸುತ್ತಿ ಬಾಯಿಗೆ ಹಾಕಿ. ದೊಡ್ಡಪ್ಪನ ಸಂಚಿಯನ್ನು ನಾವು ಕಸಿದುಕೊಳ್ಳಲಿಲ್ಲ, ಒಳಗಿನ ಸಾಮಾನು ಬದಲಿಸಿದೆವು. ಸಂಚಿ ಬಿಚ್ಚುವುದು, ಎಲೆಯ ತೊಟ್ಟು ಮುರಿಯುವುದು, ನಾರು ತೆಗೆಯುವುದು ಅವರಿಗೆ ಬೇಕಿತ್ತು, ಅದು ಹಾಗೇ ಉಳಿಯಿತು.

ನಿಕೋಟಿನ್ ಗಮ್ ಬಳಸುವವರು ಡಾಕ್ಟರನ್ನು ಕೇಳಿ ಅಳತೆ ಗೊತ್ತು ಮಾಡಿಕೊಳ್ಳಿ. ಬಳಸುವ ರೀತಿ ಬಹಳ ಜನರಿಗೆ ಗೊತ್ತಿಲ್ಲ, ಬಬಲ್ ಗಮ್ ಹಾಗೆ ಜಗಿದು ಹೊಟ್ಟೆ ತೊಳಸಿದಾಗ ಬಿಸಾಡುತ್ತಾರೆ. ನಿಧಾನ ಜಗಿಯಿರಿ, ನಾಲಿಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿ ಇಟ್ಟುಕೊಳ್ಳಿ, ಚುರುಕು ಹೋದಮೇಲೆ ಮತ್ತೆ ಜಗಿಯಿರಿ. ಗಮ್ ಹಾಕುವ 15 ನಿಮಿಷ ಮೊದಲಿನಿಂದ ಕಾಫಿ ಚಹಾ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಸರಿಯಾಗಿ ಒಳಗೆ ಹೋಗುವುದಿಲ್ಲ. ಸುಣ್ಣ ಮಾಡುವ ಕೆಲಸಕ್ಕೆ ಇದು ಸರಿಯಾಗಿ ಉಲ್ಟಾ. ಮಿಶ್ರಿಯಿಂದ ಹಲ್ಲು ಉಜ್ಜುವ ಅಭ್ಯಾಸ ಇಲ್ಲಿಯ ಅಕ್ಕಪಕ್ಕದವರಿಂದ ನಮ್ಮ ಕೆಲವು ಹೆಂಗಸರಿಗೂ ಬಂದಿದೆ. ಅದೂ ಹುರಿದ ತಂಬಾಕೇ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬೀಡಿ ಸಿಗರೇಟು ಬಿಡುವವರಿಗೆ ಒಂದು ಮುಖ್ಯ ಮಾತು. ಹೊಗೆಯಲ್ಲಿನ ಕೆಲವು ವಸ್ತುಗಳು ಕೆಫೀನನ್ನು ಕರಗಿಸುವ ಲಿವರಿನ ಕೆಲಸವನ್ನು ಚುರುಕು ಮಾಡಿರುತ್ತವೆ. ಸೇದುವುದು ನಿಲ್ಲಿಸಿದ ಕೆಲವೇ ದಿನದಲ್ಲಿ ಆ ಚುರುಕು ಹೋಗುತ್ತದೆ. ಆಗ ಅದೇ ನಾಲ್ಕು ಕಾಫಿ ಮೈಯಲ್ಲಿ ಏಳೆಂಟು ಕಾಫಿಯಷ್ಟು ಉಳಿಯುತ್ತದೆ. ಎದೆ ಡವಡವ, ಕೈ ನಡುಕ, ರಾತ್ರಿ ಕಣ್ಣು ಮುಚ್ಚಲ್ಲ. ಸಿಗರೇಟು ಬಿಟ್ಟಿದ್ದಕ್ಕೇ ಹೀಗೆ ಅಂದುಕೊಂಡು ಮತ್ತೆ ಹಚ್ಚಿದವರನ್ನು ನೋಡಿದ್ದೇನೆ, ಬೇಸರವಾಗುತ್ತದೆ. ಬಿಡುವ ದಿನವೇ ಕಾಫಿಯನ್ನು ಅರ್ಧ ಮಾಡಿ. ಉಬ್ಬಸಕ್ಕೋ ಮಾನಸಿಕ ಕಾಯಿಲೆಗೋ ಮಾತ್ರೆ ತಗೊಳ್ಳುತ್ತಿದ್ದರೆ ಸೇದುವುದು ಬಿಡುವ ಮೊದಲೇ ಡಾಕ್ಟರಿಗೆ ಹೇಳಿ, ಕೆಲವು ಔಷಧಗಳೂ ಇದೇ ದಾರಿಯಲ್ಲಿ ಕರಗುತ್ತವೆ. ಈ ಪರಿಣಾಮ ಹೊಗೆಯದ್ದು, ಜಗಿಯುವ ತಂಬಾಕಿನದಲ್ಲ.

ಚಟ ಬಿಡಿಸುವ ಗಿಡಮೂಲಿಕೆ ಪುಡಿ ಅಂತ ಮಾರುವವರ ಹತ್ತಿರ ಹೋಗಬೇಡಿ. ಗಿಡದ್ದು ಅಂದಮಾತ್ರಕ್ಕೆ ಮೃದು ಅಲ್ಲ. ಶಿವರಾತ್ರಿಗೆ ಏರಿಸುವ ಉಮ್ಮತ್ತಿಯ (ದತ್ತೂರಿ) ಆಲ್ಕಲಾಯ್ಡ್‌ಗಳು ಮಸ್ಕರಿನಿಕ್ ಸೀಟನ್ನು ಪೂರ್ತಿ ಮುಚ್ಚಿಬಿಡುತ್ತವೆ. ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಭ್ರಮೆ ಹಿಡಿದು ಜೀವಕ್ಕೇ ಕುತ್ತು ಬರುತ್ತದೆ. ಆ ಕಾಯಿ ಮುಟ್ಟಿದ ಕೈಯನ್ನು ತೊಳೆಯದೆ ಕಣ್ಣಿಗೂ ತಾಗಿಸಬಾರದು. ಸರ್ಪಗಂಧಿಯ ಕತೆಯೂ ಅಷ್ಟೇ. 1949ರಲ್ಲಿ ಮುಂಬೈಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ ಅದು ರಕ್ತದೊತ್ತಡ ಇಳಿಸುತ್ತದೆ ಅಂತ ಬರೆದು ಜಗತ್ತಿನ ಗಮನ ಸೆಳೆದರು. ಅದರ ರಿಸರ್ಪಿನ್ ನರಕೋಶದ ಒಳಗಿನ ಸಂದೇಶವಾಹಕಗಳ ದಾಸ್ತಾನನ್ನೇ ಖಾಲಿ ಮಾಡುತ್ತದೆ. ಅಳತೆ ಗೊತ್ತಿರುವ ವೈದ್ಯರ ಕೈಯಲ್ಲಿ ಮಾತ್ರ ಅದು ಔಷಧ.

ದೊಡ್ಡಪ್ಪ ಹೊಗೆಸೊಪ್ಪು ಬಿಟ್ಟು ಎರಡು ವರ್ಷವಾಯಿತು. ಅಡಿಕೆ ಹನ್ನೆರಡರಿಂದ ನಾಲ್ಕಕ್ಕೆ, ಆಮೇಲೆ ಊರಿನ ಹಬ್ಬಕ್ಕೆ ಮಾತ್ರ ಅಂತ ಬಂದು, ಈ ವರ್ಷ ಅಡಿಕೆಯ ಕೊನೆಕೊಯ್ಲಿಗೆ ಹೋದಾಗ ತಟ್ಟೆಯಿಂದ ಎಲೆ ಒಂದನ್ನೇ ಎತ್ತಿಕೊಂಡರು. ಯಾರೂ ಏನೂ ಅನ್ನಲಿಲ್ಲ.

ಕವಳ, ಮಾವಾ (ಅಡಿಕೆ ತಂಬಾಕಿನ ಮಿಶ್ರಣ), ಗುಟ್ಕಾ ಹಾಕುವವರೆಲ್ಲ ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಂತು ಬಾಯಿ ಅಗಲಿಸಿ, ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಹಿಡಿಸಿ ನೋಡಿ. ಹಿಡಿಸದಿದ್ದರೆ, ಖಾರ ತಿಂದಾಗ ಬಾಯಿ ಉರಿದರೆ, ಬಿಳಿ ಅಥವಾ ಕೆಂಪು ಕಲೆ ಕಂಡರೆ, ಎರಡು ವಾರ ಕಳೆದರೂ ಹುಣ್ಣು ಮಾಯದಿದ್ದರೆ ಅದೇ ವಾರ ಹಲ್ಲಿನ ಡಾಕ್ಟರಿಗೆ ತೋರಿಸಿ. ಅಡಿಕೆ ಬಾಯಿಯ ಒಳಚರ್ಮವನ್ನು ನಾರಿನಂತೆ ಬಿಗಿ ಮಾಡುತ್ತದೆ, ಬಿಗಿಯಾದದ್ದು ಹಿಂದಕ್ಕೆ ಬರುವುದು ತೀರಾ ಕಷ್ಟ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ ಸೆಂಟ್ರಲ್ ಲೈನಿನವರಿಗೆ ದೂರ ಏನಲ್ಲ. ತಂಬಾಕು ಬಿಡಲು ಸರ್ಕಾರದ ಉಚಿತ ಫೋನ್ 1800-11-2356, ಕನ್ನಡದಲ್ಲೂ ಮಾತಾಡುತ್ತಾರೆ. ದೊಡ್ಡಪ್ಪ ಮೊದಲ ಸಲ ಫೋನ್ ಮಾಡಿದಾಗ ನಾನು ಪಕ್ಕದಲ್ಲಿ ಕೂತಿದ್ದೆ. ನಿಮ್ಮ ಮನೆಯ ಹಿರಿಯರು ಮಾಡುವಾಗಲೂ ಯಾರಾದರೂ ಒಬ್ಬರು ಪಕ್ಕದಲ್ಲಿ ಕೂತಿರಿ.